ಕೆಂಪು ಧೂಳಿನಲ್ಲಿ ಜಾನ್ ವೇಯ್ನ್

ಲಾಸ್ ವೇಗಸ್ ನಗರದಿಂದ ಈಶಾನ್ಯ ದಿಕ್ಕಿಗೆ ಹೊರಟ ಹೆದ್ದಾರಿ ನೆವಾಡದ ಬೋಳು ಮರುಭೂಮಿಯನ್ನು ದಾಟುತ್ತದೆ. ಅರಿಜೋನಾದ ಮೂಲೆಯೊಂದನ್ನು ವರ್ಜಿನ್ ನದಿಯ ಕಂದರದಲ್ಲಿ ಸವರಿಕೊಂಡು ಯೂಟಾ ರಾಜ್ಯಕ್ಕೆ ಕಾಲಿಟ್ಟ ಕೂಡಲೇ ಸಿಗುವ ಊರು ಸೇಂಟ್ ಜಾರ್ಜ್. ಸುತ್ತಲೂ ಕೆಂಪು ಬಂಡೆ, ಕೆಂಪು ಮಣ್ಣು, ಕೆಂಪು ಧೂಳು. ನಡುವೆ ಹಾಲಿನಲ್ಲಿ ತೊಳೆದಂತೆ ಬೆಳ್ಳಗೆ ನಿಂತಿರುವುದು 1877ರಲ್ಲಿ ಪೂರ್ಣಗೊಂಡ ಮಾರ್ಮನ್ ಪಂಥದವರ ದೇವಾಲಯ. 1861ರಲ್ಲಿ ಹತ್ತಿ ಬೆಳೆಯಲೆಂದು ಮಾರ್ಮನ್ ಗುರುಗಳು ಇಲ್ಲಿಗೆ ಕಳಿಸಿದ ಕುಟುಂಬಗಳು ಕಟ್ಟಿದ ಊರಿದು. ಇಂದು ಲಕ್ಷದ ಆಸುಪಾಸು ಜನಸಂಖ್ಯೆಯ ನಗರವಾಗಿ ಬೆಳೆದಿದೆ. 1950ರಲ್ಲಿ ಇಲ್ಲಿದ್ದವರು ಐದು ಸಾವಿರಕ್ಕೂ ಕಡಿಮೆ.

ಊರಿನಿಂದ ವಾಯವ್ಯಕ್ಕೆ ಹದಿನೈದು ಕಿಲೋಮೀಟರ್ ಹೋದರೆ ಸ್ನೋ ಕಣಿವೆ. ಹೆಸರು ಕೇಳಿ ಹಿಮ ಕಾಣಲು ಹೋದವರಿಗೆ ನಿರಾಶೆ ಖಂಡಿತ. ಸ್ನೋ ಎಂಬುದು ಇಬ್ಬರು ಮಾರ್ಮನ್ ಮುಖಂಡರ ಮನೆತನದ ಹೆಸರು! ಬೇಸಿಗೆಯಲ್ಲಿ ಇಲ್ಲಿ ಕಾಲಿಡುವುದೆಂದರೆ ಕಾದ ಹೆಂಚಿನ ಮೇಲೆ ನಡೆದಂತೆ. ಕಣಿವೆಯ ಗೋಡೆಗಳು ಸುಮಾರು 18 ಕೋಟಿ ವರ್ಷಗಳ ಹಿಂದೆ ಮರಳ ದಿಬ್ಬಗಳಾಗಿದ್ದವು. ಗಾಳಿ ತಂದು ಒಟ್ಟಿದ ಮರಳು ಪದರ ಪದರವಾಗಿ ಅಮುಕಿ, ಕಬ್ಬಿಣದ ಅಂಶದಿಂದ ಕೆಂಪೇರಿ ಕಲ್ಲಾಯಿತು. ಅಂದಿನ ಗಾಳಿ ಯಾವ ದಿಕ್ಕಿಗೆ ಬೀಸುತ್ತಿತ್ತು ಎಂಬುದನ್ನು ಬಂಡೆಯ ಮೇಲಿನ ಓರೆ ಗೆರೆಗಳನ್ನು ನೋಡಿ ಇಂದಿಗೂ ಹೇಳಬಹುದು. ಆ ಕೆಂಪಿನ ಮೇಲೆ ಯಾರೋ ಡಾಂಬರು ಸುರಿದಂತೆ ಕಾಣುವ ಕಪ್ಪು ಹಾಸು ತೀರ ಈಚಿನದು, ಕೆಲವು ಹತ್ತು ಸಾವಿರ ವರ್ಷಗಳ ಹಿಂದೆ ಹರಿದು ಆರಿದ ಲಾವಾರಸ. ಕಣಿವೆಯ ತಳದಲ್ಲಿ ಬಂಡೆ ಮತ್ತೆ ಸವೆದು ಮರಳಾಗಿ ಚಿಕ್ಕ ದಿಬ್ಬಗಳಾಗಿದೆ. ಸೇಂಟ್ ಜಾರ್ಜ್‌ನ ಮಕ್ಕಳಿಗೆ ಜಾರಾಡಲು, ಹೊರಳಾಡಲು ಅದೇ ಮೈದಾನ.

1954ರ ಬೇಸಿಗೆಯಲ್ಲಿ ಈ ದಿಬ್ಬಗಳ ಮೇಲೆ ಮಂಗೋಲರ ಸೈನ್ಯವೊಂದು ಕುದುರೆ ಓಡಿಸಿತು. ಮುಂದಿದ್ದವನು ಚೆಂಗೀಸ್ ಖಾನ್. ಆರಡಿ ನಾಲ್ಕಂಗುಲ ಎತ್ತರದ, ತೂಗಾಡುವ ನಡಿಗೆಯ, ಮಾತನ್ನು ಅರ್ಧಕ್ಕೆ ನಿಲ್ಲಿಸಿ ಆಮೇಲೆ ಮುಗಿಸುವ ಆ ಖಾನನಿಗೆ ಇಳಿಬಿಟ್ಟ ಮೀಸೆ ಅಂಟಿಸಲಾಗಿತ್ತು. ಮೀಸೆ ತೆಗೆದರೆ ಆತ ಜಾನ್ ವೇಯ್ನ್! ಆ ಹೊತ್ತಿಗೆ ಅಮೆರಿಕದ ಬೆಳ್ಳಿತೆರೆಯ ಅತಿ ದೊಡ್ಡ ಗಟ್ಟಿಗ.

ಇಲ್ಲಿಗೆ ಬರುವ ಮೊದಲು ಆತ ಹಾದುಬಂದ ಊರುಗಳನ್ನೂ ಒಂದು ಸುತ್ತು ನೋಡಿಬರಬೇಕು.

ಹುಟ್ಟಿದ್ದು 1907ರ ಮೇ 26ರಂದು ಆಯೋವಾ ರಾಜ್ಯದ ವಿಂಟರ್‌ಸೆಟ್ ಎಂಬ ಪುಟ್ಟ ಊರಿನಲ್ಲಿ. ಜೋಳದ ಹೊಲಗಳು, ಮಾಡು ಹೊದಿಸಿದ ಮರದ ಸೇತುವೆಗಳು, ಬಿಟ್ಟರೆ ಅಲ್ಲಿ ಮತ್ತೇನಿಲ್ಲ. ಹೆಸರಿಟ್ಟಿದ್ದು ಮೇರಿಯನ್ ರಾಬರ್ಟ್ ಮಾರಿಸನ್ ಎಂದು. ಮೇರಿಯನ್ ಎಂಬುದು ಹೆಣ್ಣುಮಕ್ಕಳಿಗೂ ಇಡುವ ಹೆಸರು. ಶಾಲೆಯಲ್ಲಿ ಹುಡುಗರು ಬಿಟ್ಟಾರೆಯೆ? ತಂದೆ ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರು. ಕೈಗೆ ಹತ್ತದ ವ್ಯವಹಾರವನ್ನು ಬಿಟ್ಟು 1914ರಲ್ಲಿ ಕ್ಯಾಲಿಫೋರ್ನಿಯಾದ ಒಣನೆಲಕ್ಕೆ ಬೇಸಾಯಕ್ಕೆಂದು ಹೋದರು. ಅದೂ ಕೈ ಕಚ್ಚಿತು. ಕೊನೆಗೆ ಲಾಸ್ ಏಂಜಲೀಸ್ ಬಳಿಯ ಗ್ಲೆಂಡೇಲ್‌ನಲ್ಲಿ ಮತ್ತೆ ಔಷಧದ ಅಂಗಡಿ. ಹುಡುಗನ ಜೊತೆ ಸದಾ ಡ್ಯೂಕ್ ಎಂಬ ನಾಯಿ. ಹಾದಿಯಲ್ಲಿದ್ದ ಅಗ್ನಿಶಾಮಕ ಠಾಣೆಯವರು ನಾಯಿಯ ಹೆಸರನ್ನೇ ಹುಡುಗನಿಗೂ ಅಂಟಿಸಿದರು. ಸಾಯುವ ತನಕ ಸ್ನೇಹಿತರಿಗೆ ಆತ ಡ್ಯೂಕ್. ಹೀಗೆ ಹಾಲಿವುಡ್ಡಿನ ಮಹಾಗಂಡನೊಬ್ಬ ಜೀವನವಿಡೀ ನಾಯಿಯ ಹೆಸರಿನಿಂದ ಕರೆಸಿಕೊಂಡ!

ಫುಟ್‌ಬಾಲ್ ಆಟದ ಬಲದಿಂದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದ್ದ. ಸಮುದ್ರದ ಅಲೆಯಲ್ಲಿ ಭುಜ ಪೆಟ್ಟಾಗಿ ಆಟ ನಿಂತಿತು, ಆಟದ ಜೊತೆ ವಿದ್ಯಾರ್ಥಿ ವೇತನವೂ ನಿಂತಿತು. ಫಾಕ್ಸ್ ಸ್ಟುಡಿಯೋದಲ್ಲಿ ಮೇಜು ಕುರ್ಚಿ ಹೊರುವ ಕೆಲಸಕ್ಕೆ ಸೇರಿದ. 1930ರಲ್ಲಿ ನಿರ್ದೇಶಕ ರೌಲ್ ವಾಲ್ಷ್ ಕಣ್ಣಿಗೆ ಬಿದ್ದು ‘ದಿ ಬಿಗ್ ಟ್ರೇಲ್’ ಚಿತ್ರದ ನಾಯಕನಾದ. ಜಾನ್ ವೇಯ್ನ್ ಎಂಬ ಹೆಸರನ್ನು ಸ್ಟುಡಿಯೋದವರು ತಾವು ತಾವೇ ಕುಳಿತು ನಿರ್ಧರಿಸಿದ್ದು; ಆತ ಆ ಕೋಣೆಯಲ್ಲಿಯೇ ಇರಲಿಲ್ಲ. 70 ಎಂ.ಎಂ. ಅಗಲದ ಫಿಲ್ಮಿನಲ್ಲಿ ತೆಗೆದ ಆ ಭಾರೀ ಚಿತ್ರವನ್ನು ತೋರಿಸಲು ಬೇಕಾದ ಯಂತ್ರ ಕೊಳ್ಳುವ ಶಕ್ತಿ ಆರ್ಥಿಕ ಕುಸಿತದ ದಿನಗಳ ಥಿಯೇಟರುಗಳಿಗೆ ಇರಲಿಲ್ಲ. ಚಿತ್ರ ನೆಲ ಕಚ್ಚಿತು. ಮುಂದಿನ ಎಂಟೊಂಬತ್ತು ವರ್ಷ ವೇಯ್ನ್ ಅಗ್ಗದ ಕುದುರೆ ಚಿತ್ರಗಳಲ್ಲಿ ಕಳೆದ. ಆದರೆ ಆ ದಿನಗಳೇನೂ ವ್ಯರ್ಥವಾಗಲಿಲ್ಲ. ಯಕಿಮಾ ಕನಟ್ ಎಂಬ ಸಾಹಸ ಕಲಾವಿದನ ಜೊತೆ ಕೆಲಸ ಮಾಡುತ್ತ ಅವನ ನಡಿಗೆ, ಮಾತಿನ ಧಾಟಿ, ಹೊಡೆದಾಟದಲ್ಲಿ ಪೆಟ್ಟು ಬೀಳದಂತೆಯೇ ಬಿದ್ದಂತೆ ಕಾಣಿಸುವ ಕೌಶಲ ಎಲ್ಲವನ್ನೂ ಕಲಿತ. ಜಗತ್ತು ಜಾನ್ ವೇಯ್ನ್ ನಡಿಗೆ ಎಂದು ಮೆಚ್ಚಿದ್ದರಲ್ಲಿ ಕನಟ್‌ನ ಪಾಲು ದೊಡ್ಡದು.

ಗಟ್ಟಿಗನ ವೇಷ ಅವನಿಗೆ ನಿಜವಾಗಿ ಕುದುರಿದ್ದು ಮಾನ್ಯುಮೆಂಟ್ ವ್ಯಾಲಿಯಲ್ಲಿ. ಸೇಂಟ್ ಜಾರ್ಜ್‌ನಿಂದ ಪೂರ್ವಕ್ಕೆ, ರಸ್ತೆಯಲ್ಲಿ ನಾನೂರು ಕಿಲೋಮೀಟರಿಗೂ ಮಿಕ್ಕಿ ದೂರ. ಯೂಟಾ ಮತ್ತು ಅರಿಜೋನಾ ರಾಜ್ಯಗಳ ಗಡಿ ಅದರ ನಡುವೆಯೇ ಹಾದುಹೋಗುತ್ತದೆ. ಆದರೆ ನೆಲ ಎರಡೂ ರಾಜ್ಯಗಳದ್ದಲ್ಲ, ನವಾಹೊ ಜನಾಂಗದ್ದು. 1958ರಲ್ಲಿ ಅವರೇ ಅದನ್ನು ತಮ್ಮ ಬುಡಕಟ್ಟು ಉದ್ಯಾನವೆಂದು ಘೋಷಿಸಿಕೊಂಡರು. ಇಂದಿಗೂ ಪ್ರವಾಸಿಗರು ಪ್ರವೇಶ ಶುಲ್ಕ ಕೊಡುವುದು ಅವರ ಕೈಗೆ.

ವ್ಯಾಲಿ ಎಂದರೂ ಅದು ಕಣಿವೆಯಲ್ಲ. ವಿಶಾಲ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಎದ್ದು ನಿಂತ ಬಂಡೆ ಗೋಪುರಗಳು, ಕೆಲವು 300 ಮೀಟರ್ ಎತ್ತರ. ನೋಡಿದವರಿಗೆ ಇವು ನೆಲದಿಂದ ಚಿಮ್ಮಿ ಬಂದವೋ ಎನ್ನಿಸುತ್ತದೆ. ನಡೆದದ್ದು ತದ್ವಿರುದ್ಧ. ಒಂದು ಕಾಲಕ್ಕೆ ಇಡೀ ಪ್ರದೇಶ ಆ ಗೋಪುರಗಳ ತುದಿಯ ಮಟ್ಟದಲ್ಲೇ ಇತ್ತು. ಮೇಲೆ ಗಟ್ಟಿ ಕಲ್ಲಿನ ಮುಚ್ಚಳ, ನಡುವೆ 25 ಕೋಟಿ ವರ್ಷಕ್ಕೂ ಹಳೆಯ ಮರಳುಗಲ್ಲು, ಕೆಳಗೆ ಮೆದುವಾದ ಜೇಡಿಗಲ್ಲು. ಮಳೆ, ಗಾಳಿ, ಮಂಜು ಕೆಳಗಿನ ಮೆದು ಕಲ್ಲನ್ನು ಕರಗಿಸಿದಂತೆ ಮೇಲಿನದು ಆಧಾರ ತಪ್ಪಿ ನೆಟ್ಟಗೆ ಸೀಳಿ ಬೀಳುತ್ತದೆ. ಹಾಗಾಗಿಯೇ ಗೋಡೆ ಅಷ್ಟು ಕಡಿದು, ಬುಡ ಅಷ್ಟು ಇಳಿಜಾರು. ಮುಚ್ಚಳ ಉಳಿದಲ್ಲಿ ಗೋಪುರ ಉಳಿದಿದೆ, ಮುಚ್ಚಳ ಹೋದಲ್ಲಿ ಎಲ್ಲ ಕೊಚ್ಚಿಹೋಗಿದೆ. ಕಾಣುತ್ತಿರುವುದು ಕಟ್ಟಿದ್ದಲ್ಲ, ಅಳಿದು ಮಿಕ್ಕಿದ್ದು.

ಈ ಬಯಲಿನಂಚಿನಲ್ಲಿ ಹ್ಯಾರಿ ಗೌಲ್ಡಿಂಗ್ ಎಂಬಾತ ನವಾಹೊಗಳ ಜೊತೆ ವ್ಯಾಪಾರದ ಅಂಗಡಿ ಇಟ್ಟಿದ್ದ. ಆರ್ಥಿಕ ಕುಸಿತದ ಕಾಲದಲ್ಲಿ ಇಲ್ಲಿನ ಫೋಟೋಗಳ ಕಟ್ಟು ಹಿಡಿದು ಹಾಲಿವುಡ್ಡಿಗೆ ಹೋಗಿ ನಿರ್ದೇಶಕ ಜಾನ್ ಫೋರ್ಡ್‌ನನ್ನು ಒಪ್ಪಿಸಿ ಕರೆತಂದ ಎಂಬ ಕಥೆಯನ್ನು ಅಲ್ಲಿ ಈಗಲೂ ಹೇಳುತ್ತಾರೆ. ಕಥೆ ಹೇಗೇ ಇರಲಿ, 1939ರಲ್ಲಿ ತೆರೆಕಂಡ ಫೋರ್ಡ್‌ನ ‘ಸ್ಟೇಜ್‌ಕೋಚ್’ ಈ ಬಂಡೆಗಳನ್ನೂ ಜಾನ್ ವೇಯ್ನ್‌ನನ್ನೂ ಒಟ್ಟಿಗೆ ಪ್ರಸಿದ್ಧಿಗೆ ತಂದಿತು. ಆಮೇಲೆ ‘ಫೋರ್ಟ್ ಅಪಾಚಿ’, ‘ಶಿ ವೋರ್ ಎ ಯೆಲ್ಲೋ ರಿಬ್ಬನ್’, 1956ರಲ್ಲಿ ‘ದಿ ಸರ್ಚರ್ಸ್’. ಕೊನೆಯದರಲ್ಲಿ ಕಥೆ ನಡೆಯುವುದು ಟೆಕ್ಸಾಸ್‌ನಲ್ಲಿ. ಟೆಕ್ಸಾಸ್‌ನಲ್ಲಿ ಇಂಥ ಬಂಡೆಗಳೆಲ್ಲಿವೆ? ಯಾರೂ ಕೇಳಲಿಲ್ಲ. ತನ್ನವರನ್ನು ಕೊಂದವರ ಬೆನ್ನು ಹತ್ತಿ ವರ್ಷಗಟ್ಟಲೆ ಅಲೆಯುವ, ದ್ವೇಷದಿಂದ ಒಳಗೇ ಸುಟ್ಟುಹೋದ ಮನುಷ್ಯನ ಪಾತ್ರ ಅದು. ವೇಯ್ನ್‌ಗೆ ನಟನೆ ಬಾರದು ಎನ್ನುವವರು ಆ ಒಂದು ಚಿತ್ರ ನೋಡಬೇಕು.

ಅವನ ಗಟ್ಟಿತನದ ಅರ್ಧ ಪಾಲು ಈ ಬಂಡೆಗಳದ್ದು ಎಂದರೆ ತಪ್ಪಾಗದು. ಅಷ್ಟು ದೊಡ್ಡ ಕಲ್ಲಿನ ಮುಂದೆ ಬೇರೆ ನಟರು ಇರುವೆಯಾಗುತ್ತಿದ್ದರು. ಈತ ಮಾತ್ರ ಕಲ್ಲಿನ ಜಾತಿಯವನಂತೆ ಕಾಣುತ್ತಿದ್ದ. ತೆರೆಯ ಹೊರಗೆ ಲೆಕ್ಕ ಬೇರೆ. ಎರಡನೆಯ ಮಹಾಯುದ್ಧಕ್ಕೆ ಹೆನ್ರಿ ಫಾಂಡಾ, ಜೇಮ್ಸ್ ಸ್ಟೂವರ್ಟ್, ಸ್ವತಃ ಫೋರ್ಡ್ ಎಲ್ಲ ಹೋದರು. ಅಮೆರಿಕ ಯುದ್ಧಕ್ಕಿಳಿದಾಗ 34 ವರ್ಷದ, ನಾಲ್ಕು ಮಕ್ಕಳ ತಂದೆ ವೇಯ್ನ್ ವಿನಾಯಿತಿ ಪಡೆದು ಹಾಲಿವುಡ್ಡಿನಲ್ಲಿಯೇ ಉಳಿದು, ಸೈನಿಕನ ಪಾತ್ರಗಳನ್ನು ಮಾಡಿದ. 1949ರ ‘ಸ್ಯಾಂಡ್ಸ್ ಆಫ್ ಐವೊ ಜಿಮಾ’ದ ಸಾರ್ಜೆಂಟ್ ಪಾತ್ರಕ್ಕೆ ಆಸ್ಕರ್ ನಾಮಕರಣವೂ ಬಂತು. 1971ರ ಸಂದರ್ಶನವೊಂದರಲ್ಲಿ ಕರಿಯರ ಬಗ್ಗೆ, ಮೂಲನಿವಾಸಿಗಳ ನೆಲ ಕಿತ್ತುಕೊಂಡದ್ದರ ಬಗ್ಗೆ ಆಡಿದ ಮಾತುಗಳು ಇಂದಿಗೂ ಅವನ ಹೆಸರನ್ನು ಕಾಡುತ್ತಿವೆ.

ಮಾನ್ಯುಮೆಂಟ್ ವ್ಯಾಲಿಯ ಚಿತ್ರಗಳಲ್ಲಿ ಗುಡ್ಡದ ತುದಿಯಲ್ಲಿ ಸಾಲಾಗಿ ಕಾಣಿಸಿಕೊಳ್ಳುವ ಅಪಾಚಿಗಳು, ಕೊಮಾಂಚಿಗಳು ಯಾರು? ಎಲ್ಲ ನವಾಹೊಗಳೇ. ದಿನಗೂಲಿಗೆ ಕುದುರೆ ಓಡಿಸಿ, ವೇಯ್ನ್‌ನ ಗುಂಡಿಗೆ ಉರುಳಿಬೀಳುತ್ತಿದ್ದವರು. ಚಿತ್ರೀಕರಣ ವರ್ಷವಿಡೀ ಇರುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಅದೇ ಸೀಮೆಯಲ್ಲಿ ಇನ್ನೊಂದು ಕೂಲಿ ಸಿಗುತ್ತಿತ್ತು: ಯುರೇನಿಯಂ ಗಣಿ. ಗೋಪುರಗಳ ಮುಚ್ಚಳವಾಗಿರುವ ಗಟ್ಟಿ ಕಲ್ಲಿನ ಪದರದಲ್ಲಿ, ಪುರಾತನ ನದಿಗಳ ಜಾಡಿನಲ್ಲಿ ಯುರೇನಿಯಂ ಸೇರಿಕೊಂಡಿತ್ತು. ಅಮೆರಿಕದ ಅಣುಶಕ್ತಿ ಆಯೋಗ ಅದನ್ನು ಬಾಂಬಿಗಾಗಿ ಕೊಳ್ಳುತ್ತಿತ್ತು. 1944ರಿಂದ 1986ರವರೆಗೆ ನವಾಹೊ ನೆಲದಿಂದ ಸುಮಾರು ಮೂರು ಕೋಟಿ ಟನ್ ಅದಿರು ಹೊರಬಂತು. ಗಾಳಿಯಾಡದ ಸುರಂಗಗಳಲ್ಲಿ ಗಣಿಗಾರರು ರೇಡಾನ್ ಅನಿಲ ಉಸಿರಾಡಿದರು, ಧೂಳಿನ ಬಟ್ಟೆಯಲ್ಲೇ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಂಡರು. ಮುಚ್ಚದೆ ಬಿಟ್ಟುಹೋದ ಗಣಿಗಳು ಇಂದಿಗೂ 500ಕ್ಕೂ ಹೆಚ್ಚಿವೆ. ಬೆಳ್ಳಿತೆರೆಯ ಹಿಂದಿನ ಪರದೆಯಂತೆ ಕಂಡ ಆ ನೆಲದ ಒಳಗೆ ಇದಿತ್ತು.

ಈಗ ಸ್ನೋ ಕಣಿವೆಗೆ ಮರಳೋಣ.

ಚಿತ್ರದ ಹೆಸರು ‘ದಿ ಕಾಂಕರರ್’. ದುಡ್ಡು ಹಾಕಿದವನು ವಿಮಾನ, ಸಿನಿಮಾ ಎರಡರ ಹುಚ್ಚೂ ಇದ್ದ ಕೋಟ್ಯಧೀಶ ಹೋವರ್ಡ್ ಹ್ಯೂಸ್. ನಿರ್ದೇಶಕ ಡಿಕ್ ಪೊವೆಲ್. ನಾಯಕಿ ಸೂಸನ್ ಹೇವರ್ಡ್, ತಾಯಿಯ ಪಾತ್ರಕ್ಕೆ ಆಗ್ನೆಸ್ ಮೂರ್‌ಹೆಡ್, ಜೊತೆಗೆ ಮೆಕ್ಸಿಕೋದ ಹೆಸರಾಂತ ನಟ ಪೆದ್ರೊ ಅರ್ಮೆಂಡಾರಿಸ್. ಮಂಗೋಲಿಯಾದ ಗೋಬಿ ಮರುಭೂಮಿಗೆ ಬದಲಾಗಿ ಯೂಟಾ. ಮಂಗೋಲರ ದಂಡಿಗೆ ಸುತ್ತಲಿನ ಶಿವ್‌ವಿಟ್ಸ್ ಪಾಯೂಟ್ ಮೂಲನಿವಾಸಿಗಳು. ಮಾನ್ಯುಮೆಂಟ್ ವ್ಯಾಲಿಯಲ್ಲಿ ನವಾಹೊಗಳು ಅಪಾಚಿಗಳಾದಂತೆ ಇಲ್ಲಿ ಪಾಯೂಟರು ಮಂಗೋಲರಾದರು! ಚೆಂಗೀಸ್ ಖಾನನಾಗಿ ಜಾನ್ ವೇಯ್ನ್ ಇದ್ದದ್ದು ಹಾಲಿವುಡ್ಡಿನ ಇತಿಹಾಸದಲ್ಲಿಯೇ ಅತಿ ದೊಡ್ಡ ಎಡವಟ್ಟು ಪಾತ್ರ ಹಂಚಿಕೆಗಳಲ್ಲಿ ಒಂದೆಂದು ಹೆಸರಾಗಿದೆ. ಕೌಬಾಯ್ ಧಾಟಿಯಲ್ಲಿ ಪ್ರಾಚೀನ ಏಷ್ಯಾದ ಡೌಲಿನ ಸಂಭಾಷಣೆ ಒಪ್ಪಿಸುವ ಅವನನ್ನು ನೋಡಿದರೆ ನಗುವುದೋ ಮರುಗುವುದೋ ತಿಳಿಯುವುದಿಲ್ಲ.

ಸೇಂಟ್ ಜಾರ್ಜ್ ಮಾತ್ರ ಸಂಭ್ರಮದಲ್ಲಿತ್ತು. ಊರ ಹೋಟೆಲುಗಳು ತುಂಬಿದವು, ಊರವರಿಗೆ ಕೂಲಿ ಸಿಕ್ಕಿತು. ಅತ್ತ ಕಣಿವೆಯಲ್ಲಿ ನೂರಾರು ಕುದುರೆಗಳು ಧೂಳೆಬ್ಬಿಸಿದವು. ನಟರು ಉರುಳಿ ಹೊಡೆದಾಡಿದರು. ಧೂಳು ಮೂಗು, ಬಾಯಿ, ಊಟದ ತಟ್ಟೆ ಎಲ್ಲಕ್ಕೂ ಬಿತ್ತು. ಸ್ಟುಡಿಯೋದಲ್ಲಿ ಉಳಿದ ದೃಶ್ಯಗಳನ್ನು ತೆಗೆಯುವಾಗ ಬಣ್ಣ ಹೊಂದಬೇಕೆಂದು ಸುಮಾರು 60 ಟನ್ ಕೆಂಪು ಮಣ್ಣನ್ನು ಹಾಲಿವುಡ್ಡಿಗೆ ಸಾಗಿಸಿದರು. ವೇಯ್ನ್ ತನ್ನ ಇಬ್ಬರು ಗಂಡುಮಕ್ಕಳನ್ನೂ ಕರೆತಂದಿದ್ದ. ವಿಕಿರಣ ಅಳೆಯುವ ಗೈಗರ್ ಯಂತ್ರದ ಜೊತೆ ಅವರು ನಿಂತಿರುವ ಫೋಟೋ ಇದೆ.

ಸಿನಿಮಾ ತಂಡಕ್ಕೆ ಗೈಗರ್ ಯಂತ್ರ ಏಕೆ?

ಇಲ್ಲಿಂದ ಪಶ್ಚಿಮಕ್ಕೆ ಸುಮಾರು 220 ಕಿಲೋಮೀಟರ್ ದೂರದಲ್ಲಿದೆ ನೆವಾಡ ಪರೀಕ್ಷಾ ಕ್ಷೇತ್ರ. 1951ರ ಜನವರಿಯಿಂದ ಅಮೆರಿಕ ಅಲ್ಲಿ ಅಣುಬಾಂಬುಗಳನ್ನು ಸಿಡಿಸತೊಡಗಿತ್ತು. 1962ರೊಳಗೆ ನೆಲದ ಮೇಲೆ, ಬಯಲಲ್ಲಿ ಸಿಡಿಸಿದ್ದೇ ನೂರು. ಲಾಸ್ ವೇಗಸ್ ಮತ್ತು ಲಾಸ್ ಏಂಜಲೀಸ್ ಕಡೆಗೆ ಗಾಳಿ ಇದ್ದರೆ ಸ್ಫೋಟವನ್ನು ಮುಂದೂಡುತ್ತಿದ್ದರು. ಪೂರ್ವಕ್ಕೆ ತಿರುಗಿದಾಗ ಸಿಡಿಸುತ್ತಿದ್ದರು. ಪೂರ್ವದಲ್ಲಿ ಇದ್ದದ್ದು ಸೇಂಟ್ ಜಾರ್ಜ್, ಸೀಡರ್ ಸಿಟಿ ಮೊದಲಾದ ಪುಟ್ಟ ಊರುಗಳು. ದೇಶಭಕ್ತರು, ಸರಕಾರದ ಮಾತನ್ನು ಮೀರದವರು. ಮಕ್ಕಳನ್ನು ಬೆಳಗಿನ ಜಾವ ಎಬ್ಬಿಸಿ ಪಶ್ಚಿಮದ ಬೆಳಕನ್ನು ತೋರಿಸುತ್ತಿದ್ದ ಮನೆಗಳೂ ಇದ್ದವು.

1953ರ ವಸಂತದಲ್ಲಿ ಹನ್ನೊಂದು ಸ್ಫೋಟಗಳ ಸರಣಿ ನಡೆಯಿತು. ಅದರಲ್ಲಿ ಮೇ 19ರ ಬೆಳಗಿನ ಜಾವ ಸಿಡಿದದ್ದಕ್ಕೆ ಹ್ಯಾರಿ ಎಂದು ಹೆಸರು. ಶಕ್ತಿ 32 ಕಿಲೋಟನ್, ಅಂದರೆ ಹಿರೋಷಿಮಾದ ಬಾಂಬಿನ ಎರಡು ಪಟ್ಟು. ಅದನ್ನು ಇಟ್ಟದ್ದು 300 ಅಡಿ ಎತ್ತರದ ಉಕ್ಕಿನ ಗೋಪುರದ ಮೇಲೆ. ಬಾಂಬು ಆಕಾಶದ ಎತ್ತರದಲ್ಲಿ ಸಿಡಿದರೆ ಅದರ ವಿಕಿರಣ ಕಣಗಳು ಸಣ್ಣದಾಗಿಯೇ ಉಳಿದು ದೂರ ದೂರ ಚದುರುತ್ತವೆ. ನೆಲದ ಹತ್ತಿರ ಸಿಡಿದರೆ ಬೆಂಕಿಯ ಉಂಡೆ ಮಣ್ಣನ್ನೂ ಕರಗಿದ ಉಕ್ಕನ್ನೂ ಮೇಲಕ್ಕೆ ಹೀರಿಕೊಳ್ಳುತ್ತದೆ, ವಿಕಿರಣ ವಸ್ತು ಆ ಧೂಳಿಗೆ ಅಂಟಿಕೊಳ್ಳುತ್ತದೆ, ಭಾರವಾದ ಧೂಳು ಬಹಳ ದೂರ ಹೋಗದೆ ಇಳಿಯುತ್ತದೆ. ಆ ದಿನ ಅದು ಇಳಿದದ್ದು ಸೇಂಟ್ ಜಾರ್ಜ್ ಮೇಲೆ. ಜನರು ಕೆಲವು ಗಂಟೆ ಮನೆಯೊಳಗಿರಬೇಕೆಂದು ಸೂಚನೆ ಬಂತು, ರಸ್ತೆಯಲ್ಲಿ ವಾಹನಗಳನ್ನು ತಡೆದು ತೊಳೆಸಿದರು. ಆಮೇಲೆ ಅಪಾಯವೇನಿಲ್ಲ ಎಂದರು. ಆ ಬಾಂಬಿಗೆ ‘ಕೊಳಕು ಹ್ಯಾರಿ’ ಎಂಬ ಹೆಸರು ಬಂದದ್ದು ತಡವಾಗಿ. ಅದೇ ವಸಂತದಲ್ಲಿ ನೆವಾಡದ ಹುಲ್ಲುಗಾವಲಿನಿಂದ ಸೀಡರ್ ಸಿಟಿ ಕಡೆಗೆ ಹಿಂದಿರುಗಿದ ಹಿಂಡುಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕುರಿ, ಮರಿಗಳು ಸತ್ತವು. ಮೇವಿನ ಕೊರತೆ ಎಂದಿತು ಅಣುಶಕ್ತಿ ಆಯೋಗ.

ಒಂದು ವರ್ಷದ ನಂತರ ಚೆಂಗೀಸ್ ಖಾನನ ದಂಡು ಕುದುರೆ ಓಡಿಸಿದ್ದು ಈ ಸೀಮೆಯ ಧೂಳಿನ ಮೇಲೆ.

ಮುಂದಿನದು ಹಾಲಿವುಡ್ಡಿನ ಅತಿ ಕರಾಳ ದಂತಕಥೆಯಾಗಿದೆ. ಡಿಕ್ ಪೊವೆಲ್ 1963ರ ಜನವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಅದೇ ವರ್ಷ ಅರ್ಮೆಂಡಾರಿಸ್, ತನಗೆ ವಾಸಿಯಾಗದ ಕ್ಯಾನ್ಸರ್ ಎಂದು ತಿಳಿದಾಗ ಆಸ್ಪತ್ರೆಯಲ್ಲಿಯೇ ಗುಂಡು ಹೊಡೆದುಕೊಂಡ. 1974ರಲ್ಲಿ ಮೂರ್‌ಹೆಡ್, 1975ರಲ್ಲಿ ಹೇವರ್ಡ್, ಇಬ್ಬರಿಗೂ ಕ್ಯಾನ್ಸರ್. 1979ರ ಜೂನ್ 11ರಂದು ಹೊಟ್ಟೆಯ ಕ್ಯಾನ್ಸರಿನಿಂದ ಜಾನ್ ವೇಯ್ನ್. 1980ರಲ್ಲಿ ‘ಪೀಪಲ್’ ಪತ್ರಿಕೆ ಲೆಕ್ಕ ತೆಗೆಯಿತು: ತಂಡದ ಸುಮಾರು 220 ಜನರಲ್ಲಿ 91 ಜನಕ್ಕೆ ಕ್ಯಾನ್ಸರ್ ಬಂದಿತ್ತು, 46 ಜನ ಸತ್ತಿದ್ದರು. ಅಂದಿನಿಂದ ‘ಬಾಂಬು ಜಾನ್ ವೇಯ್ನ್‌ನನ್ನು ಕೊಂದಿತು’ ಎಂಬ ಮಾತು ನಿಂತಿಲ್ಲ.

ಕೇಳಿದ ಕೂಡಲೇ ಹೌದೆನ್ನಿಸುವ ಮಾತು. ಆದರೆ ತಾಳೆ ನೋಡಬೇಕಲ್ಲ? 220ರಲ್ಲಿ 91 ಎಂದರೆ ಶೇಕಡ 41. ಅಮೆರಿಕದಲ್ಲಿ ಯಾರನ್ನೇ ತೆಗೆದುಕೊಂಡರೂ ಬದುಕಿನಲ್ಲಿ ಒಮ್ಮೆ ಕ್ಯಾನ್ಸರ್ ಪತ್ತೆಯಾಗುವ ಸಂಭವ ಶೇಕಡ 40ರ ಸುಮಾರು. ಇತ್ತ 1980ರಲ್ಲಿ ತಂಡದ ಅನೇಕರು ಇನ್ನೂ ಬದುಕಿದ್ದರು, ಅವರ ಲೆಕ್ಕ ಮುಗಿದಿರಲಿಲ್ಲ ಎಂಬುದೂ ನಿಜವೇ. ಇನ್ನು ಕಾಲದ ಮಾತು. ಬಾಂಬಿನ ಧೂಳಿನ ವಿಕಿರಣ ಬೇಗ ಇಳಿಯುತ್ತದೆ. ಸ್ಫೋಟವಾಗಿ ಕಳೆದ ಹೊತ್ತು ಏಳು ಪಟ್ಟಾದಾಗ ತೀವ್ರತೆ ಹತ್ತರಲ್ಲೊಂದು ಪಾಲಿಗೆ ಬರುತ್ತದೆ ಎಂಬುದು ಸ್ಥೂಲ ಲೆಕ್ಕ. ಮೊದಲ ಗಂಟೆಗೆ ಸಾವಿರವಿದ್ದರೆ ಏಳನೆಯ ಗಂಟೆಗೆ ನೂರು, ಎರಡು ದಿನಕ್ಕೆ ಹತ್ತು, ಎರಡು ವಾರಕ್ಕೆ ಒಂದು. ವರ್ಷ ಕಳೆದ ಮೇಲೆ ಉಳಿಯುವುದು ಸ್ಟ್ರಾನ್ಷಿಯಂ, ಸೀಸಿಯಂ, ಪ್ಲುಟೋನಿಯಂನಂಥ ದೀರ್ಘಾಯುಷಿ ಧಾತುಗಳು. ಧೂಳು ಕುಡಿದವರಿಗೆ ಅವು ನಿರಪಾಯವೆಂದಲ್ಲ. ಆದರೆ 1954ರ ಕೆಲವು ವಾರಗಳ ಧೂಳು 1953ರ ಮೇ ತಿಂಗಳ ಧೂಳಿಗೆ ಸಮವಲ್ಲ.

ಎಲ್ಲಕ್ಕಿಂತ ಮೇಲಾಗಿ ವೇಯ್ನ್‌ನ ಕೈಯಲ್ಲಿ ಸದಾ ಉರಿಯುತ್ತಿದ್ದ ಸಿಗರೇಟು. ದಿನಕ್ಕೆ ಹಲವು ಪ್ಯಾಕು. ಕ್ಯಾಮೆಲ್ ಸಿಗರೇಟಿನ ಜಾಹೀರಾತಿನಲ್ಲೂ ಆತ ನಕ್ಕಿದ್ದಾನೆ. 1964ರಲ್ಲಿ ಎಡ ಶ್ವಾಸಕೋಶವನ್ನೂ ಪಕ್ಕೆಲುಬುಗಳನ್ನೂ ವೈದ್ಯರು ತೆಗೆದರು. ನಟನ ಗಟ್ಟಿತನಕ್ಕೆ ಕಳಂಕವೆಂದು ಮೊದಲು ಮುಚ್ಚಿಟ್ಟರೂ ಕೆಲವೇ ತಿಂಗಳಲ್ಲಿ ಆತನೇ ಪತ್ರಕರ್ತರನ್ನು ಕರೆದು ರೋಗದ ಹೆಸರು ಹೇಳಿದ. ಕ್ಯಾನ್ಸರ್ ಎಂಬ ಶಬ್ದವನ್ನು ಪಿಸುಗುಟ್ಟುತ್ತಿದ್ದ ಕಾಲ ಅದು. ತೆರೆಯ ಮೇಲೆ ಸಾವಿರ ಗುಂಡು ಹಾರಿಸಿದ್ದಕ್ಕಿಂತ ಈ ಒಂದು ಮಾತಿಗೆ ಹೆಚ್ಚು ಧೈರ್ಯ ಬೇಕಿತ್ತು. 1965ರ ಜನವರಿಯಲ್ಲಿ ಮೆಕ್ಸಿಕೋದ ಡುರಾಂಗೋ ಬೆಟ್ಟಗಳ ತೆಳುಗಾಳಿಯಲ್ಲಿ, ಒಂದೇ ಶ್ವಾಸಕೋಶದಲ್ಲಿ ‘ದಿ ಸನ್ಸ್ ಆಫ್ ಕೇಟೀ ಎಲ್ಡರ್’ ಚಿತ್ರಕ್ಕೆ ಕುದುರೆ ಏರಿದ. ಕೊಲೊರಾಡೋ ಬೆಟ್ಟಗಳಲ್ಲಿ ತೆಗೆದ ‘ಟ್ರೂ ಗ್ರಿಟ್’ನ ಒಕ್ಕಣ್ಣ ಮುದುಕನ ಪಾತ್ರಕ್ಕೆ 1970ರಲ್ಲಿ ಆಸ್ಕರ್ ಬಂತು. ಕೊನೆಯ ಚಿತ್ರ 1976ರ ‘ದಿ ಶೂಟಿಸ್ಟ್’. ಅದರಲ್ಲಿ ಆತ ಕ್ಯಾನ್ಸರಿನಿಂದ ಸಾಯುತ್ತಿರುವ ಬಂದೂಕುಗಾರ!

ಹೀಗೆ ಸಿಗರೇಟಿನ ಹೊಗೆ ಮುಸುಕಿದ ಸಾಕ್ಷಿಯಿಂದ ಧೂಳಿನ ಅಪರಾಧವನ್ನು ಸಾಬೀತು ಮಾಡುವುದು ಹೇಗೆ? ಸಾಧ್ಯವಿಲ್ಲ. ಅಷ್ಟಕ್ಕೇ ಧೂಳು ನಿರಪರಾಧಿ ಎಂದೂ ಆಗುವುದಿಲ್ಲ. ಸಾಕ್ಷಿಯನ್ನು ಹುಡುಕಬೇಕಾದ್ದು ಬೇರೆ ಕಡೆ. ನವಾಹೊ ಗಣಿಗಾರರನ್ನೇ ನೋಡಿ. ಅವರಲ್ಲಿ ಸಿಗರೇಟು ಸೇದುವ ರೂಢಿ ತೀರ ಕಡಿಮೆ. ಆದರೂ ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಹುಡುಕಿಕೊಂಡು ಬಂತು. ಗಣಿಯ ರೇಡಾನ್ ಅಲ್ಲದೆ ಬೇರೆ ಕಾರಣ ತೋರಿಸಲು ಯಾರಿಗೂ ಆಗಲಿಲ್ಲ. ಸೇಂಟ್ ಜಾರ್ಜ್‌ನ ಮಾರ್ಮನ್ನರಿಗೂ ತಂಬಾಕು ನಿಷಿದ್ಧ, ಮದ್ಯ ನಿಷಿದ್ಧ, ಕಾಫಿ ಕೂಡ ನಿಷಿದ್ಧ. 1953ರ ಮೇ ತಿಂಗಳಲ್ಲಿ ಆ ಊರಿನ ಹುಲ್ಲಿನ ಮೇಲೆ ಬಿದ್ದ ವಿಕಿರಣ ಅಯೋಡಿನ್ ಹಸುವಿನ ಹೊಟ್ಟೆ ಸೇರಿ ಹಾಲಿನಲ್ಲಿ ಇಳಿಯಿತು; ಹಾಲು ಕುಡಿದ ಮಕ್ಕಳ ಥೈರಾಯ್ಡ್ ಗ್ರಂಥಿ ಅದನ್ನು ಹೀರಿ ಇಟ್ಟುಕೊಂಡಿತು. ಅದರ ಅರ್ಧಾಯುಷ್ಯ ಎಂಟೇ ದಿನ. ಸಿನಿಮಾದವರು ಬರುವ ಹೊತ್ತಿಗೆ ಅದು ಹೆಸರಿಲ್ಲದಂತೆ ಮಾಯವಾಗಿತ್ತು, ಮಾಡುವ ಕೆಲಸ ಮುಗಿಸಿತ್ತು. ನೈಋತ್ಯ ಯೂಟಾದಲ್ಲಿ ಹೆಚ್ಚು ಧೂಳು ಬಿದ್ದ ಊರುಗಳವರಲ್ಲಿ ರಕ್ತದ ಕ್ಯಾನ್ಸರಿನ ಸಾವು ಹೆಚ್ಚಿತ್ತೆಂದು ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 1990ರಲ್ಲಿ ಪ್ರಕಟಿಸಿದರು.

ಅಂದ ಹಾಗೆ, ‘ಪೀಪಲ್’ ಪತ್ರಿಕೆಯ ಆ 220ರ ಲೆಕ್ಕದಲ್ಲಿ ಮಂಗೋಲರಾಗಿ ಕುದುರೆ ಓಡಿಸಿದ ನೂರಾರು ಪಾಯೂಟರು ಸೇರಿಲ್ಲ. ಧೂಳು ಬಿದ್ದ ದಿನವೂ ಅಲ್ಲಿದ್ದವರು, ಚಿತ್ರೀಕರಣಕ್ಕೂ ಇದ್ದವರು, ಆಮೇಲೂ ಅಲ್ಲೇ ಉಳಿದವರು ಅವರು. ಅವರನ್ನು ಎಣಿಸಿದ್ದರೆ ಆ ಪಟ್ಟಿಗೆ ನಿಜವಾದ ಬೆಲೆ ಬರುತ್ತಿತ್ತು.

ಊರವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕುರಿಗಳ ಮೊಕದ್ದಮೆ 1956ರಲ್ಲಿಯೇ ಬಿದ್ದುಹೋಗಿತ್ತು. ತೀರ್ಪು ಕೊಟ್ಟಿದ್ದ ಅದೇ ನ್ಯಾಯಾಧೀಶರು, ಸರಕಾರ ತಮ್ಮ ನ್ಯಾಯಾಲಯಕ್ಕೆ ವಂಚಿಸಿತ್ತೆಂದು 1982ರಲ್ಲಿ ಹೇಳಿ ಹಳೆಯ ತೀರ್ಪನ್ನು ರದ್ದು ಮಾಡಿದರು. ಮೇಲಿನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಸುಮಾರು 1,200 ಜನ ಹೂಡಿದ ಕ್ಯಾನ್ಸರ್ ಮೊಕದ್ದಮೆಯಲ್ಲಿ ಮಾದರಿಯಾಗಿ ಆಯ್ದ 24 ಪ್ರಕರಣಗಳ ಪೈಕಿ ಹತ್ತರಲ್ಲಿ ಸರಕಾರದ ತಪ್ಪಿದೆ ಎಂದು 1984ರಲ್ಲಿ ತೀರ್ಪಾಯಿತು. 1987ರಲ್ಲಿ ಅದೂ ಮೇಲ್ಮನವಿಯಲ್ಲಿ ಉರುಳಿತು. ಇಂಥ ನಿರ್ಧಾರಗಳಿಗಾಗಿ ಸರಕಾರವನ್ನು ಕಟಕಟೆಗೆ ತರಲಾಗದು ಎಂಬ ಕಾನೂನಿನ ಕಾರಣಕ್ಕೆ.

ಕೊನೆಗೆ 1990ರಲ್ಲಿ ಅಮೆರಿಕದ ಸಂಸತ್ತು ಕ್ಷಮೆ ಕೇಳಿ ಪರಿಹಾರದ ಕಾಯ್ದೆ ಮಾಡಿತು. ಗಾಳಿಯ ದಿಕ್ಕಿನ ಊರುಗಳವರಿಗೆ 50,000 ಡಾಲರ್, ಯುರೇನಿಯಂ ಗಣಿಗಾರರಿಗೆ ಒಂದು ಲಕ್ಷ. ಸಿಗರೇಟು ಸೇದಿದ್ದೆಯಾ, ಧೂಳು ಕುಡಿದೆಯಾ ಎಂದು ಪ್ರತಿಯೊಬ್ಬ ರೋಗಿಯ ಮೈಯಲ್ಲಿ ಕಾರಣ ಸಾಬೀತು ಮಾಡುವ ಹೊರೆಯನ್ನು ಅದು ಇಳಿಸಿತು. ಗೊತ್ತಾದ ಸೀಮೆಯಲ್ಲಿ, ಗೊತ್ತಾದ ಕಾಲದಲ್ಲಿ ವಾಸವಿದ್ದು ಪಟ್ಟಿಯಲ್ಲಿನ ಕ್ಯಾನ್ಸರ್ ಬಂದರೆ ಸಾಕು. ಆ ಕಾಯ್ದೆಯ ಅವಧಿ 2024ರ ಜೂನ್‌ನಲ್ಲಿ ಮುಗಿದು, ಒಂದು ವರ್ಷ ಹೊಸ ಅರ್ಜಿಗಳು ನಿಂತವು. 2025ರ ಜುಲೈನಲ್ಲಿ ಅದಕ್ಕೆ ಮತ್ತೆ ಜೀವ ಬಂತು; ಮೊತ್ತ ಎಲ್ಲರಿಗೂ ಒಂದು ಲಕ್ಷ ಡಾಲರ್ ಆಯಿತು, ಇಡೀ ಯೂಟಾ ರಾಜ್ಯ ಅದರೊಳಗೆ ಬಂತು. 1953ರಲ್ಲಿ ಆ ಹಾಲು ಕುಡಿದ ಮಕ್ಕಳಿಗೆ ಈಗ ಎಪ್ಪತ್ತು ದಾಟಿದೆ.

1990ರ ಕಾಯ್ದೆ ಕೇಳಿದ್ದು ಎರಡು ವರ್ಷದ ವಾಸ, ಈಗಿನದು ಒಂದು ವರ್ಷ. ಬೇಸಿಗೆಯೊಂದರ ಚಿತ್ರೀಕರಣಕ್ಕೆ ಬಂದುಹೋದ ಜಾನ್ ವೇಯ್ನ್ ಯಾವುದರಲ್ಲೂ ಸಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದ ಕೊರೋನಾ ಡೆಲ್ ಮಾರ್‌ನಲ್ಲಿ, ಶಾಂತಸಾಗರ ಕಾಣುವ ದಿಬ್ಬದ ಮೇಲಿನ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಸತ್ತು ಸುಮಾರು ಇಪ್ಪತ್ತು ವರ್ಷ ಅದರ ಮೇಲೆ ಹೆಸರಿನ ಕಲ್ಲು ಇರಲಿಲ್ಲ. ಅಭಿಮಾನಿಗಳು ಸುತ್ತಲಿನ ಹುಲ್ಲು ತುಳಿದು ನೋಡಿ ಇದೇ ಇರಬೇಕೆಂದು ಊಹಿಸುತ್ತಿದ್ದರು.

ಸ್ನೋ ಕಣಿವೆ ಈಗ ಯೂಟಾದ ರಾಜ್ಯ ಉದ್ಯಾನ. ಸಂಜೆ ಬಿಸಿಲು ಇಳಿದ ಮೇಲೆ ಸೇಂಟ್ ಜಾರ್ಜ್‌ನ ತಾಯಂದಿರು ಮಕ್ಕಳನ್ನು ಮರಳ ದಿಬ್ಬಗಳಿಗೆ ಕರೆತರುತ್ತಾರೆ. ಮಕ್ಕಳು ಜಾರಿ ಬೀಳುತ್ತಾರೆ, ಮತ್ತೆ ಹತ್ತುತ್ತಾರೆ. ಮನೆಗೆ ಹೊರಡುವ ಮೊದಲು ಬೂಟು ಬಿಚ್ಚಿ ಒಳಗಿನ ಕೆಂಪು ಮರಳನ್ನು ಕೊಡವುತ್ತಾರೆ.